ಬಾಗಿಲ ಚೌಕಟ್ಟಿನೊಳಗೆ: ಫಾಸ್‌ಬಿಂಡರ್ ಕಂಡ ಹೊರಗಿನವರು



ಸಿನಿಮಾವನ್ನು ಬರೀ ಕಥೆಯೆಂದು ಕೇಳದೆ, ಕಣ್ಣಿಟ್ಟು ನೋಡುವ ಅಭ್ಯಾಸ ಬೆಳೆಯಲಿ ಎಂಬ ಆಸೆಯಿಂದ ಈ ಉಪನ್ಯಾಸದ ದತ್ತಿಯನ್ನು ಇಡಲಾಗಿದೆ. ಆ ಆಸೆಗೆ ತಕ್ಕ ಹಾಗೆ ಇವತ್ತು ಹತ್ತಾರು ಹೆಸರುಗಳನ್ನು ಹೇಳಿ ಮುಗಿಸುವ ಬದಲು ಒಬ್ಬನೇ ನಿರ್ದೇಶಕನನ್ನು, ಅದರಲ್ಲೂ ಮುಖ್ಯವಾಗಿ ಅವನ ಒಂದೇ ಚಿತ್ರವನ್ನು ಹತ್ತಿರದಿಂದ ನೋಡೋಣ ಎಂದುಕೊಂಡಿದ್ದೇನೆ. ನಿರ್ದೇಶಕ ಜರ್ಮನಿಯ ರೈನರ್ ವರ್ನರ್ ಫಾಸ್‌ಬಿಂಡರ್. ಚಿತ್ರ 1974ರ ‘ಆಲಿ: ಫಿಯರ್ ಈಟ್ಸ್ ದ ಸೋಲ್’.

ಹೊರಗಿನವರ ಕಥೆ ಹೇಳುವ ಸಿನಿಮಾಗಳಿಗೆ ಎಲ್ಲೂ ಬರವಿಲ್ಲ. ವಲಸೆ ಬಂದವನು, ಜಾತಿಯಿಂದ ಹೊರಬಿದ್ದವಳು, ಊರು ಬಿಟ್ಟವನು, ಇವರ ಬಗ್ಗೆ ಮರುಕ ಹುಟ್ಟಿಸುವ ಚಿತ್ರಗಳು ಪ್ರತಿ ವರ್ಷ ಬರುತ್ತವೆ. ಅವುಗಳಲ್ಲಿ ಹೆಚ್ಚಿನವು ಮರುಕದ ಹೊಣೆಯನ್ನು ಸಂಭಾಷಣೆಗೂ ಹಿನ್ನೆಲೆ ಸಂಗೀತಕ್ಕೂ ಬಿಟ್ಟುಬಿಡುತ್ತವೆ. ಫಾಸ್‌ಬಿಂಡರ್ ಆ ಹೊಣೆಯನ್ನು ಕ್ಯಾಮೆರಾ ನಿಲ್ಲುವ ಜಾಗಕ್ಕೆ ಒಪ್ಪಿಸಿದ. ಒಂದು ಕೋಣೆಯಲ್ಲಿ ಯಾರು ಎಲ್ಲಿ ಕೂತಿದ್ದಾರೆ, ಯಾರು ಯಾರನ್ನು ಎಷ್ಟು ಹೊತ್ತು ನೋಡುತ್ತಿದ್ದಾರೆ, ನಡುವೆ ಎಷ್ಟು ಜಾಗ ಖಾಲಿ ಬಿದ್ದಿದೆ ಎಂಬುದರಲ್ಲೇ ಒಬ್ಬ ಮನುಷ್ಯ ಹೊರಗಿನವನಾಗಿಬಿಡುತ್ತಾನೆ ಎಂದು ಅವನು ತೋರಿಸಿದ. ಅದರಿಂದ ಹುಟ್ಟುವ ಇನ್ನೊಂದು ಮಾತು ಹೆಚ್ಚು ಕಟುವಾದದ್ದು. ಹೊರಗಿನವರ ಜಾಗ ಎಂಬುದೊಂದು ಇದ್ದೇ ಇರುತ್ತದೆ. ಇವತ್ತು ಅಲ್ಲಿ ಕೂತವರು ನಾಳೆ ಎದ್ದು ಇನ್ನೊಬ್ಬರನ್ನು ಅಲ್ಲಿ ಕೂರಿಸಬಲ್ಲರು.

ಈ ವ್ಯಾಕರಣ ಕನ್ನಡದ ಪ್ರೇಕ್ಷಕನಿಗೆ ಹೊಸದೇನಲ್ಲ. ಊಟದ ಪಂಕ್ತಿಯಲ್ಲಿ ಯಾರ ಎಲೆ ಎಲ್ಲಿ, ಜಗುಲಿ ಹತ್ತುವವರು ಯಾರು, ಅಂಗಳದಲ್ಲೇ ನಿಲ್ಲುವವರು ಯಾರು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳದೆಯೇ ಮಕ್ಕಳಾಗಿದ್ದಾಗಲೇ ಕಲಿತವರು ನಾವು. ಮಾತಿಲ್ಲದೆ ಜಾಗವೇ ಆಜ್ಞೆ ಮಾಡುವುದನ್ನು ಬಲ್ಲ ಕಣ್ಣಿಗೆ ಫಾಸ್‌ಬಿಂಡರನ ದೃಶ್ಯಗಳು ಬೇಗ ದಕ್ಕುತ್ತವೆ.

ಅವನು ಹುಟ್ಟಿದ್ದು 1945ರ ಮೇ 31ರಂದು, ಜರ್ಮನಿ ಶರಣಾಗಿ ಮೂರು ವಾರ ಕಳೆದ ಮೇಲೆ. ಸತ್ತದ್ದು 1982ರ ಜೂನ್ 10ರಂದು, 37ನೇ ವಯಸ್ಸಿಗೆ. ಮೊದಲ ಕಥಾಚಿತ್ರ ಬಂದ 1969ರಿಂದ ಸಾಯುವವರೆಗೆ ಸಿನಿಮಾ, ಟೆಲಿವಿಷನ್ ಎರಡೂ ಸೇರಿ ನಲವತ್ತಕ್ಕೂ ಹೆಚ್ಚು ಕೃತಿಗಳನ್ನು ಮಾಡಿದ. ಮ್ಯೂನಿಕ್‌ನ ಸಣ್ಣ ರಂಗತಂಡದಿಂದ ಬಂದವನು. ಅಲ್ಲಿ ಜೊತೆಗಿದ್ದ ನಟನಟಿಯರೇ ಚಿತ್ರದಿಂದ ಚಿತ್ರಕ್ಕೆ ಅವನೊಂದಿಗೆ ನಡೆದರು. ಕೈಯಲ್ಲಿ ಕಾಸಿಲ್ಲದ ದಿನಗಳಲ್ಲಿ ಕ್ಯಾಮೆರಾವನ್ನು ಒಂದೆಡೆ ನಿಲ್ಲಿಸಿ, ರಂಗದ ಮೇಲೆ ನಿಲ್ಲಿಸಿದಂತೆ ನಟರನ್ನು ಎದುರಿಗೆ ನಿಲ್ಲಿಸಿ ಚಿತ್ರೀಕರಿಸಿದ. ಬಡತನ ಕಲಿಸಿದ ಈ ಪಾಠವನ್ನು ದುಡ್ಡು ಬಂದ ಮೇಲೂ ಅವನು ಬಿಡಲಿಲ್ಲ. ಅದು ಅವನ ನೋಟವೇ ಆಗಿಬಿಟ್ಟಿತ್ತು.

1969ರ ‘ಕಾಟ್ಸೆಲ್‌ಮಾಖರ್’ ಚಿತ್ರದಲ್ಲಿ ಇದು ಬೋಳುಬೋಳಾಗಿ ಕಾಣುತ್ತದೆ. ಕಪ್ಪು ಬಿಳುಪಿನ ಚಿತ್ರ. ಮ್ಯೂನಿಕ್‌ನ ಒಂದು ವಠಾರದ ಮುಂದೆ ಕೆಲವು ಯುವಕ ಯುವತಿಯರು ಕಂಬಿಯ ಮೇಲೆ ಸಾಲಾಗಿ ಕೂತಿರುತ್ತಾರೆ. ಹಿಂದೆ ಖಾಲಿ ಗೋಡೆ. ಹಗೆ, ಬೇಸರ, ಕೀಟಲೆ ಬಿಟ್ಟರೆ ಅವರಿಗೆ ಬೇರೆ ಕೆಲಸವಿಲ್ಲ. ಆ ಸಾಲಿನೊಳಗೆ ಗ್ರೀಸ್‌ನಿಂದ ಬಂದ ಯೋರ್ಗೋಸ್ ಎಂಬ ಕೂಲಿಯವನು ಕಾಲಿಡುತ್ತಾನೆ. ಆ ಪಾತ್ರವನ್ನು ಫಾಸ್‌ಬಿಂಡರ್ ತಾನೇ ಮಾಡಿದ. ಚಿತ್ರದ ಹೆಸರು ದಕ್ಷಿಣದ ದೇಶಗಳಿಂದ ಬಂದವರನ್ನು ಹಳಿಯಲು ಬವೇರಿಯಾದವರು ಬಳಸುವ ಬೈಗುಳ. ಕಂಬಿಯ ಮೇಲಿನ ಸಾಲು ಒಂದು ಗುಂಪೆಂದು ನಮಗೆ ಖಚಿತವಾಗುವುದೇ ಗ್ರೀಕನು ಬಂದ ಮೇಲೆ. ಅದಕ್ಕೆ ಮುಂಚೆ ಅವರು ಒಬ್ಬರನ್ನೊಬ್ಬರು ಕಚ್ಚಾಡುತ್ತಿದ್ದ ಬಿಡಿ ಮನುಷ್ಯರು. ಅವನನ್ನು ಹೊರಗಿಟ್ಟದ್ದರಿಂದ ಅವರಿಗೊಂದು ‘ಒಳಗೆ’ ಸಿಕ್ಕಿತು. ಚಿತ್ರ ಒರಟು, ಎಷ್ಟೋ ಕಡೆ ತಾಳ್ಮೆ ಪರೀಕ್ಷಿಸುತ್ತದೆ. ಆದರೆ ಮುಂದಿನದೆಲ್ಲ ಇದರಲ್ಲೇ ಬೀಜವಾಗಿದೆ.

ಇನ್ನು ‘ಆಲಿ’ಯ ಕಾಲದ ಬಗ್ಗೆ ಎರಡು ಮಾತು. ಯುದ್ಧದ ನಂತರ ಪಶ್ಚಿಮ ಜರ್ಮನಿಯ ಕಾರ್ಖಾನೆಗಳಿಗೆ ಕೈಗಳು ಸಾಲದಾದವು. 1955ರಲ್ಲಿ ಇಟಲಿ, 1961ರಲ್ಲಿ ಟರ್ಕಿ, 1963ರಲ್ಲಿ ಮೊರಾಕೊ, ಹೀಗೆ ಒಂದೊಂದು ದೇಶದೊಂದಿಗೆ ಒಪ್ಪಂದವಾಗಿ ಕಾರ್ಮಿಕರು ರೈಲು ಹತ್ತಿ ಬಂದರು. ಸರ್ಕಾರ ಅವರನ್ನು ‘ಅತಿಥಿ ಕಾರ್ಮಿಕರು’ ಎಂದು ಕರೆಯಿತು. 1964ರಲ್ಲಿ ಕಲೋನ್ ನಿಲ್ದಾಣದಲ್ಲಿ ಹತ್ತು ಲಕ್ಷದ ಅತಿಥಿಯೆಂದು ಪೋರ್ಚುಗಲ್‌ನ ಬಡಗಿ ಅರ್ಮಾಂಡೊ ರೊಡ್ರಿಗಸ್‌ಗೆ ಹೂಗುಚ್ಛವನ್ನೂ ಒಂದು ಮೊಪೆಡ್‌ಅನ್ನೂ ಕೊಟ್ಟು ಫೋಟೊ ತೆಗೆದರು. ಆ ಫೋಟೊ ಇವತ್ತಿಗೂ ಜರ್ಮನಿಯ ಪಠ್ಯಪುಸ್ತಕಗಳಲ್ಲಿ ಸಿಗುತ್ತದೆ. ಮೊಪೆಡ್ ಬಾನ್ ನಗರದ ವಸ್ತುಸಂಗ್ರಹಾಲಯದಲ್ಲಿದೆ. ರೊಡ್ರಿಗಸ್ ಹೊಟ್ಟೆಯ ಕ್ಯಾನ್ಸರ್ ತಗುಲಿ, ದುಡಿದು ಉಳಿಸಿದ್ದನ್ನು ಚಿಕಿತ್ಸೆಗೆ ಸುರಿದು, 1979ರಲ್ಲಿ ತನ್ನ ಊರಿನಲ್ಲಿ ತೀರಿಕೊಂಡ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲಿ ಕ್ರೀಡಾಪಟುಗಳ ಹತ್ಯೆಯಾದ ಬಳಿಕ ಅರಬ್ ಮುಖವೆಂದರೆ ಸಂಶಯ ಎನ್ನುವಂತಾಯಿತು. ತೈಲ ಬಿಕ್ಕಟ್ಟಿನ ನಡುವೆ, 1973ರ ನವೆಂಬರಿನಲ್ಲಿ, ಸರ್ಕಾರ ನೇಮಕಾತಿಯನ್ನೇ ನಿಲ್ಲಿಸಿತು. ಫಾಸ್‌ಬಿಂಡರ್ ‘ಆಲಿ’ಯ ಚಿತ್ರೀಕರಣವನ್ನು ಎರಡು ದೊಡ್ಡ ಚಿತ್ರಗಳ ನಡುವೆ ಸಿಕ್ಕ ಸುಮಾರು ಎರಡು ವಾರಗಳ ಬಿಡುವಿನಲ್ಲಿ, ಅದೇ ವರ್ಷ, ಅದೇ ಮ್ಯೂನಿಕ್‌ನಲ್ಲಿ ಮುಗಿಸಿದ.

ಕಥೆ ಎರಡು ಸಾಲಿನದು. ಎಮಿ ಅರವತ್ತು ದಾಟಿದ ವಿಧವೆ, ಕಚೇರಿಗಳ ನೆಲ ಒರೆಸಿ ಬದುಕುವವಳು. ಆಲಿ ಅವಳಿಗಿಂತ ತುಂಬ ಚಿಕ್ಕವನು, ಮೊರಾಕೊದಿಂದ ಬಂದ ಮೆಕ್ಯಾನಿಕ್. ಇಬ್ಬರೂ ಮದುವೆಯಾಗುತ್ತಾರೆ, ಊರು ಮುಖ ತಿರುಗಿಸುತ್ತದೆ. ಎಮಿಯಾಗಿ ಬ್ರಿಗಿಟೆ ಮೀರಾ, ಆಲಿಯಾಗಿ ಎಲ್ ಹೆದಿ ಬೆನ್ ಸಲೇಮ್. ಕ್ಯಾಮೆರಾ ಯೂರ್ಗೆನ್ ಯೂರ್ಗೆಸ್ ಅವರದು.

ಮೊದಲ ದೃಶ್ಯವನ್ನೇ ನೋಡಿ. ಮಳೆಯ ರಾತ್ರಿ. ಎಮಿ ಮಳೆಯಿಂದ ತಪ್ಪಿಸಿಕೊಳ್ಳಲು ಅರಬ್ಬಿ ಹಾಡು ಕೇಳುತ್ತಿದ್ದ ಒಂದು ಬಾರಿನ ಒಳಕ್ಕೆ ಬರುತ್ತಾಳೆ. ಕ್ಯಾಮೆರಾ ಕೋಣೆಯ ಆ ತುದಿಯಲ್ಲಿದೆ. ಅವಳು ಈ ತುದಿಯ ಬಾಗಿಲಲ್ಲಿ, ಸಣ್ಣದಾಗಿ. ನಡುವೆ ಉದ್ದಕ್ಕೆ ಖಾಲಿ ನೆಲ. ತಟ್ಟನೆ ಶಾಟ್ ಬದಲಾಗಿ ಅವಳ ಕಡೆಯಿಂದ ಕಾಣುತ್ತದೆ: ಕೌಂಟರಿನ ಬಳಿ ಅರಬ್ ಗಂಡಸರು, ಇಬ್ಬರು ಜರ್ಮನ್ ಹೆಂಗಸರು, ಎಲ್ಲರೂ ಕದಲದೆ ಅವಳನ್ನೇ ನೋಡುತ್ತಿದ್ದಾರೆ. ಯಾರೂ ಏನೂ ಅನ್ನುವುದಿಲ್ಲ. ಅವಳು ಬಾಗಿಲ ಬಳಿಯ ಮೇಜಿಗೇ ಕೂತು ಒಂದು ಕೋಲಾ ಕೇಳುತ್ತಾಳೆ. ಗಮನಿಸಬೇಕಾದದ್ದೇನೆಂದರೆ ವಲಸಿಗನ ಬಗೆಗಿನ ಈ ಚಿತ್ರದಲ್ಲಿ ಮೊದಲು ಪರಕೀಯಳಾಗುವವಳು ತನ್ನದೇ ಊರಿನಲ್ಲಿ ನಿಂತ ಜರ್ಮನ್ ಹೆಂಗಸು. ಆ ಬಾರಿನ ಒಳಗೆ ಆಲಿ ಮನೆಯವನು, ಎಮಿ ಪರದೇಶಿ. ಬಾಗಿಲು ದಾಟಿ ಹೊರಗೆ ಬಂದರೆ ಲೆಕ್ಕ ತಿರುಗುಮುರುಗು. ಕೌಂಟರಿನವಳೊಬ್ಬಳು ಕೀಟಲೆಗೆಂದು ಆ ಮುದುಕಿಯ ಜೊತೆ ಕುಣಿ ಎಂದು ಆಲಿಯನ್ನು ಕೆಣಕುತ್ತಾಳೆ. ಅವನು ಎದ್ದು ಬರುತ್ತಾನೆ. ಕೀಟಲೆಯಾಗಿ ಶುರುವಾದ ಕುಣಿತ ಎರಡೇ ನಿಮಿಷದಲ್ಲಿ ಇಬ್ಬರು ಒಂಟಿ ಜೀವಿಗಳ ಮಾತುಕತೆಯಾಗುತ್ತದೆ. ದೂರದಿಂದ ಉಳಿದವರು ಈಗಲೂ ನೋಡುತ್ತಲೇ ಇದ್ದಾರೆ.

ಚಿತ್ರದ ತುಂಬ ಹೀಗೆ ಬಾಗಿಲುಗಳು. ಎಮಿಯ ಅಡುಗೆಮನೆಯನ್ನು ನಡುಮನೆಯ ಬಾಗಿಲಿನಿಂದ, ಮೆಟ್ಟಿಲನ್ನು ಪಕ್ಕದ ಮನೆಯ ಜಾಲರಿಯ ಹಿಂದಿನಿಂದ ನಾವು ನೋಡುತ್ತೇವೆ. ಮದುವೆಯ ದಿನ ಎಮಿ ಆಲಿಯನ್ನು ಒಂದು ಇಟಾಲಿಯನ್ ಹೋಟೆಲಿಗೆ ಕರೆದೊಯ್ಯುತ್ತಾಳೆ. ಹಿಟ್ಲರ್ ಊಟ ಮಾಡುತ್ತಿದ್ದ ಜಾಗ ಅದು, ಬಹಳ ದಿನದಿಂದ ನೋಡಬೇಕೆಂದಿದ್ದೆ ಎಂದು ಮುಗ್ಧವಾಗಿ ಹೇಳುತ್ತಾಳೆ. ತಾನು ಪಕ್ಷದಲ್ಲಿದ್ದೆನೆಂದೂ ಆಗ ಎಲ್ಲರೂ ಇದ್ದರೆಂದೂ ಅಷ್ಟೇ ಸಲೀಸಾಗಿ ಹೇಳಿರುತ್ತಾಳೆ. ಮೆನುವಿನಲ್ಲಿರುವ ಪದಾರ್ಥಗಳು ಇಬ್ಬರಿಗೂ ತಿಳಿಯವು. ಮಾಂಸ ಎಷ್ಟು ಬೇಯಬೇಕು ಎಂದು ಸಪ್ಲೈಯರ್ ಕೇಳುವ ಪ್ರಶ್ನೆ ಒಂದು ಪರೀಕ್ಷೆಯಂತಾಗುತ್ತದೆ. ಕೊನೆಗೆ ಕ್ಯಾಮೆರಾ ಪಕ್ಕದ ಕೋಣೆಗೆ ಸರಿದು, ಬಾಗಿಲ ಚೌಕಟ್ಟಿನ ನಡುವೆ, ಖಾಲಿ ಹೋಟೆಲಿನಲ್ಲಿ ನೆಟ್ಟಗೆ ಕೂತ ಗಂಡಹೆಂಡಿರನ್ನು ತೋರಿಸುತ್ತದೆ. ಇದು ಮದುವೆಯ ಫೋಟೊ ಆಗಿರಬೇಕಿತ್ತು. ಆದರೆ ಬಾಗಿಲ ಪಟ್ಟಿಗಳು ಎರಡೂ ಕಡೆಯಿಂದ ಒತ್ತುತ್ತಿವೆ.

ಚೌಕಟ್ಟಿನೊಳಗೆ ಚೌಕಟ್ಟು ಇಡುವ ಈ ರೀತಿಯನ್ನು ಅವನು ಕಲಿತದ್ದು ಡಗ್ಲಸ್ ಸರ್ಕ್ ಎಂಬ ಹಾಲಿವುಡ್ ನಿರ್ದೇಶಕನಿಂದ. ಸರ್ಕ್ ಕೂಡ ಜರ್ಮನಿಯವನೇ. ಹೆಂಡತಿ ಯೆಹೂದಿ, 1937ರಲ್ಲಿ ದೇಶ ಬಿಟ್ಟ. 1955ರ ಅವನ ‘ಆಲ್ ದಟ್ ಹೆವನ್ ಅಲೌಸ್’ ಚಿತ್ರದಲ್ಲಿ ಅನುಕೂಲಸ್ಥ ವಿಧವೆಯೊಬ್ಬಳು ತನ್ನ ತೋಟದ ಮಾಲಿಯನ್ನು ಪ್ರೀತಿಸುತ್ತಾಳೆ. ಮಕ್ಕಳು ಅದನ್ನು ತಡೆದು, ಒಂಟಿತನ ಕಳೆಯಲೆಂದು ಅವಳಿಗೊಂದು ಟಿ.ವಿ. ತಂದುಕೊಡುತ್ತಾರೆ. ಆರಿದ ಪರದೆಯಲ್ಲಿ ಅವಳ ಮುಖ ಕಾಣುತ್ತದೆ. ಫಾಸ್‌ಬಿಂಡರ್ 1971ರಲ್ಲಿ ಸರ್ಕ್‌ನ ಆರು ಚಿತ್ರಗಳ ಮೇಲೆ ಪ್ರಬಂಧ ಬರೆದ. ಅವನನ್ನು ಹುಡುಕಿಕೊಂಡು ಹೋಗಿ ಕಂಡೂ ಬಂದ. ‘ಆಲಿ’ಯಲ್ಲಿ ಟಿ.ವಿ. ಮತ್ತೆ ಬರುತ್ತದೆ. ಎಮಿ ತನ್ನ ಮಕ್ಕಳನ್ನು ಕರೆಸಿ ಹೊಸ ಗಂಡನನ್ನು ಪರಿಚಯಿಸುತ್ತಾಳೆ. ಕ್ಯಾಮೆರಾ ಮಕ್ಕಳ, ಅಳಿಯನ ಮುಖಗಳ ಮೇಲೆ ಒಂದೊಂದಾಗಿ ಹಾಯುತ್ತದೆ. ಅಳಿಯನ ಪಾತ್ರದಲ್ಲಿರುವವನು ಫಾಸ್‌ಬಿಂಡರನೇ. ಐದು ವರ್ಷಗಳ ಹಿಂದೆ ಹೊರಗಿನ ಗ್ರೀಕನಾಗಿದ್ದವನು ಈಗ ಸೋಮಾರಿಯೂ ದ್ವೇಷಿಯೂ ಆದ ಜರ್ಮನ್ ಗಂಡ! ಒಬ್ಬ ಮಗ ಎದ್ದು ಟಿ.ವಿ.ಯ ಗಾಜಿಗೆ ಕಾಲಿನಿಂದ ಒದ್ದು ಒಡೆಯುತ್ತಾನೆ. ಸರ್ಕ್‌ನಲ್ಲಿ ಸಭ್ಯತೆಯ ಹೊದಿಕೆಯಡಿ ಅಡಗಿದ್ದ ಕ್ರೌರ್ಯವನ್ನು ಶಿಷ್ಯ ಬಯಲಿಗೆ ಎಳೆದ.

ಈಗ ಹಳದಿ ಕುರ್ಚಿಗಳ ದೃಶ್ಯಕ್ಕೆ ಬರುತ್ತೇನೆ. ಇದಕ್ಕಾಗಿಯೇ ಇಷ್ಟು ಹೊತ್ತು ಕಾದಿದ್ದೆ.

ಕಿರಾಣಿಯವನು ಆಲಿಯ ಮಾತು ಅರ್ಥವಾಗದವನಂತೆ ನಟಿಸಿ ಸಾಮಾನು ಕೊಡದೆ ಕಳಿಸಿದ್ದಾನೆ. ವಠಾರದ ಹೆಂಗಸರು ಮೆಟ್ಟಿಲು ಕೊಳಕಾಯಿತೆಂದು ದೂರಿದ್ದಾರೆ. ಜೊತೆ ಕೆಲಸದವರು ಎಮಿಯೊಂದಿಗೆ ಮಾತು ಬಿಟ್ಟಿದ್ದಾರೆ. ಇವರಿಬ್ಬರೂ ಒಂದು ಉದ್ಯಾನದ ತೆರೆದ ಕೆಫೆಯಲ್ಲಿ ಕೂತಿದ್ದಾರೆ. ಮರಗಳ ಕೆಳಗೆ ಹಳದಿ ಮೇಜು, ಹಳದಿ ಕುರ್ಚಿ, ಸಾಲು ಸಾಲಾಗಿ, ಎಲ್ಲವೂ ಖಾಲಿ. ನಡುವೆ ಇವರಿಬ್ಬರೇ. ದೂರದಲ್ಲಿ ಕೆಫೆಯವರು ಒಟ್ಟಾಗಿ ನಿಂತು, ಯಾರೂ ಹತ್ತಿರ ಬಾರದೆ, ಬೊಂಬೆಗಳಂತೆ ನೋಡುತ್ತಿದ್ದಾರೆ. ಹಳದಿ ಎಷ್ಟು ಗಾಢವಾಗಿದೆ ಎಂದರೆ ಅದು ಬಿಸಿಲಿನ ಸಂತೋಷದ ಬಣ್ಣವಾಗಿ ಉಳಿಯುವುದಿಲ್ಲ, ಕಣ್ಣಿಗೆ ಚುಚ್ಚುತ್ತದೆ. ಎಮಿ ಅಳಲು ಶುರು ಮಾಡುತ್ತಾಳೆ. ಯಾರೂ ತನ್ನ ಮುಖ ನೋಡಿ ಮಾತಾಡುವುದಿಲ್ಲ, ಈ ಲೋಕದಲ್ಲಿ ನಾವಿಬ್ಬರೇ ಇದ್ದಿದ್ದರೆ ಚೆನ್ನಾಗಿತ್ತು ಎನ್ನುತ್ತಾಳೆ. ಅವಳು ಕೇಳುತ್ತಿರುವುದನ್ನು ಆ ಖಾಲಿ ಕುರ್ಚಿಗಳು ಆಗಲೇ ಕೊಟ್ಟಿವೆ ಎಂಬುದನ್ನು ನೋಡಿ. ಲೋಕದಲ್ಲಿ ಅವರಿಬ್ಬರೇ ಇದ್ದಾರೆ, ಅದೇ ಶಿಕ್ಷೆಯಾಗಿದೆ. ಪಾತ್ರದ ಬಾಯಲ್ಲಿ ಬರುವ ಆಸೆ, ಕ್ಯಾಮೆರಾ ತೋರಿಸುವ ವಾಸ್ತವ ಎರಡೂ ಒಂದೇ ರೂಪದವು, ಆದರೆ ಅರ್ಥ ಪೂರ್ತಿ ಬೇರೆ. ಇದನ್ನು ಕಾದಂಬರಿಯಲ್ಲಿ ಬರೆಯಹೊರಟರೆ ಎರಡು ಪುಟ ವಿವರಿಸಬೇಕಾಗುತ್ತದೆ. ಇಲ್ಲಿ ಒಂದೇ ನೋಟದಲ್ಲಿ ಹೊಟ್ಟೆಗೆ ಇಳಿಯುತ್ತದೆ.

ಆ ದಿಟ್ಟಿಸುವಿಕೆ ಎಷ್ಟು ಕಾಲ ನಡೆಯುತ್ತದೆ ಎಂಬುದೂ ಮುಖ್ಯ. ಮಾತು ಮುಗಿದ ಮೇಲೂ ಶಾಟ್ ಮುಗಿಯುವುದಿಲ್ಲ. ಸಾಮಾನ್ಯ ಚಿತ್ರದಲ್ಲಿ ಕತ್ತರಿ ಬೀಳುವ ಕ್ಷಣದಲ್ಲಿ ಇಲ್ಲಿ ನಟರು ಹಾಗೇ ನಿಂತಿರುತ್ತಾರೆ. ಆಗ ನಮಗೆ ಇರುಸುಮುರುಸಾಗುತ್ತದೆ, ಏಕೆಂದರೆ ಕೆಫೆಯವರು ಮಾಡುತ್ತಿರುವ ಕೆಲಸವನ್ನೇ ನಾವೂ ಮಾಡುತ್ತಿದ್ದೇವೆ: ದೂರದಲ್ಲಿ ಸುಖವಾಗಿ ಕೂತು ಇಬ್ಬರನ್ನು ದಿಟ್ಟಿಸುತ್ತಿದ್ದೇವೆ. ಟಿಕೆಟ್ ಕೊಂಡು ಬಂದವನನ್ನು ಆ ಗುಂಪಿನಲ್ಲೇ ನಿಲ್ಲಿಸಿಬಿಡುವ ಧೈರ್ಯ ಎಲ್ಲ ನಿರ್ದೇಶಕರಿಗೂ ಇರುವುದಿಲ್ಲ.

ಇಷ್ಟರಲ್ಲಿ ಚಿತ್ರ ಮುಗಿದಿದ್ದರೆ ಅದು ಒಳ್ಳೆಯವರು, ಕೆಟ್ಟವರು ಎಂದು ಎರಡು ಪಾಲಾದ ಕಥೆಯಾಗುತ್ತಿತ್ತು. ಇಲ್ಲಿಂದ ಮುಂದಿನ ಅರ್ಧ ನನ್ನ ಮಟ್ಟಿಗೆ ಇನ್ನೂ ದೊಡ್ಡದು. ಇಬ್ಬರೂ ರಜೆಗೆ ಹೋಗಿ ಬರುತ್ತಾರೆ. ಬಂದು ನೋಡಿದರೆ ಊರು ನಗುತ್ತಿದೆ. ಸೂಪರ್‌ಮಾರ್ಕೆಟ್ ಬಂದು ಕಿರಾಣಿಯವನ ವ್ಯಾಪಾರ ಇಳಿದಿದೆ, ಅವನಿಗೆ ಎಮಿ ಗಿರಾಕಿಯಾಗಿ ಬೇಕು. ನೆರೆಯವಳಿಗೆ ಸಾಮಾನಿಡಲು ಎಮಿಯ ನೆಲಮಾಳಿಗೆ ಬೇಕು. ಟಿ.ವಿ. ಒದ್ದ ಮಗನಿಗೆ ಮಗುವನ್ನು ನೋಡಿಕೊಳ್ಳಲು ತಾಯಿ ಬೇಕು. ಯಾರ ಮನಸ್ಸೂ ಬದಲಾಗಿಲ್ಲ, ಅಗತ್ಯಗಳು ಬದಲಾಗಿವೆ. ಫಾಸ್‌ಬಿಂಡರ್ ಈ ಭಾಗವನ್ನು ಬಹಳ ಬೇಗ ಬೇಗ ಹೇಳುತ್ತಾನೆ, ಹೆಚ್ಚು ವಿವರಣೆ ಕೊಡುವುದಿಲ್ಲ. ಅದು ಸರಿಯೇ.

ನಿಧಾನ ಮಾಡುವುದು ಮೆಟ್ಟಿಲುಗಳ ಹತ್ತಿರ. ಮೊದಲ ಅರ್ಧದಲ್ಲಿ ಎಮಿ ಕೆಲಸದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಒಂಟಿಯಾಗಿ ಬುತ್ತಿ ತಿನ್ನುತ್ತಾಳೆ. ಜೊತೆಯವರು ಎದ್ದು ದೂರ ಹೋಗಿದ್ದಾರೆ. ಕ್ಯಾಮೆರಾ ಮೆಟ್ಟಿಲ ಕಂಬಿಗಳ ಆಚೆ ನಿಂತಿದೆ. ಉದ್ದುದ್ದ ಕಂಬಿಗಳ ಹಿಂದೆ ಅವಳು ಸೆರೆಮನೆಯಲ್ಲಿದ್ದಂತೆ. ಎರಡನೇ ಅರ್ಧದಲ್ಲಿ ಅದೇ ಮೆಟ್ಟಿಲು, ಅದೇ ಕಂಬಿ, ಅದೇ ಕೋನ. ಈ ಸಲ ಕಂಬಿಗಳ ಹಿಂದೆ ಕೂತವಳು ಯುಗೊಸ್ಲಾವಿಯಾದಿಂದ ಬಂದ ಹೊಸ ಕೆಲಸದವಳು ಯೊಲಾಂಡ. ಉಳಿದ ಹೆಂಗಸರು ಅವಳನ್ನು ಬಿಟ್ಟು ಕೂಲಿ ಹೆಚ್ಚಿಸಿಕೊಳ್ಳುವ ಬಗ್ಗೆ ಗುಸುಗುಸು ಮಾತಾಡುತ್ತಿದ್ದಾರೆ. ಆ ಗುಂಪಿನಲ್ಲಿ ಎಮಿ ಇದ್ದಾಳೆ. ಅವಳ ಮುಖದಲ್ಲಿ ಕೇಡಿಲ್ಲ. ಮತ್ತೆ ಒಳಗೆ ಬಂದ ನೆಮ್ಮದಿ ಮಾತ್ರ ಇದೆ. ಹೆಸರು ಹೇಳಿ ಯಾರನ್ನೂ ದೂರದೆ, ಒಂದು ಸಾಲಿನ ಭಾಷಣವಿಲ್ಲದೆ, ಕ್ಯಾಮೆರಾವನ್ನು ಹಿಂದಿನ ಜಾಗದಲ್ಲೇ ಮತ್ತೆ ಇಟ್ಟು ಅವನು ಇಷ್ಟನ್ನೂ ಹೇಳಿದ. ಶೈಲಿಯೇ ವಿಚಾರವಾಗುವುದು ಎಂದರೆ ಇದು.

ಅದೇ ಎಮಿ ಮನೆಗೆ ಬಂದ ಗೆಳತಿಯರ ಮುಂದೆ ಆಲಿಯ ತೋಳು ಮುಟ್ಟಿ ನೋಡಿ ಎನ್ನುತ್ತಾಳೆ. ಅವರು ಸುತ್ತುಗಟ್ಟಿ ಅವನ ಸ್ನಾಯುಗಳನ್ನು ಒತ್ತಿ, ಜಾತ್ರೆಯಲ್ಲಿ ಎತ್ತು ನೋಡುವವರಂತೆ ಪರೀಕ್ಷಿಸುತ್ತಾರೆ. ಅವನು ಕೂಸ್‌ಕೂಸ್ ಬೇಕೆಂದರೆ, ಇಲ್ಲಿಯ ಊಟಕ್ಕೆ ಒಗ್ಗಿಕೋ ಎನ್ನುತ್ತಾಳೆ. ಅವನು ಆ ಬಾರಿನವಳಾದ ಬಾರ್ಬರಾ ಎಂಬವಳ ಮನೆಗೆ ಹೋಗುತ್ತಾನೆ, ಅವಳು ಅದನ್ನು ಮಾಡಿಕೊಡಬಲ್ಲಳು. ಆಲಿಯೂ ಸಂತನಲ್ಲ. ಎಮಿ ಅವನ ಗ್ಯಾರೇಜಿಗೆ ಹುಡುಕಿಕೊಂಡು ಬಂದಾಗ ಜೊತೆಯವರು ಇವಳು ಮೊರಾಕೊದ ನಿನ್ನ ಅಜ್ಜಿಯೋ ಎಂದು ಹಂಗಿಸುತ್ತಾರೆ, ಅವನೂ ನಗುತ್ತಾನೆ. ಆಮೇಲೆ ಕನ್ನಡಿಯ ಮುಂದೆ ನಿಂತು ತನ್ನ ಕೆನ್ನೆಗೆ ತಾನೇ ಮತ್ತೆ ಮತ್ತೆ ಹೊಡೆದುಕೊಳ್ಳುತ್ತಾನೆ.

ಒಳಗು ಹೊರಗಿನ ಇಂಥ ಚೌಕಟ್ಟುಗಳು ಫಾಸ್‌ಬಿಂಡರನ ಬೇರೆ ಚಿತ್ರಗಳಲ್ಲೂ ಇವೆ. 1972ರ ‘ದ ಬಿಟರ್ ಟಿಯರ್ಸ್ ಆಫ್ ಪೆಟ್ರಾ ಫಾನ್ ಕಾಂಟ್’ ಒಂದೇ ಮನೆಯಲ್ಲಿ ನಡೆಯುತ್ತದೆ. ಮುಂದೆ ಯಜಮಾನಿಯ ಪ್ರೇಮ, ಸಂಕಟ, ಕಣ್ಣೀರು. ಹಿಂದೆ, ಚಿತ್ರದ ಆಳದಲ್ಲಿ, ಮರ್ಲೀನ್ ಎಂಬ ಸಹಾಯಕಿ ಟೈಪ್ ಮಾಡುತ್ತ, ಚಿತ್ರ ಬರೆಯುತ್ತ, ಒಂದೂ ಮಾತಾಡದೆ ಇರುತ್ತಾಳೆ. ಮನೆಯ ಹೊರಗಿನವರಷ್ಟೇ ಹೊರಗಿನವರಲ್ಲ. ಒಳಗೇ ಇದ್ದು, ಎಲ್ಲ ಕೆಲಸ ಮಾಡಿ, ಮಾತಿನ ಹಕ್ಕಿಲ್ಲದವಳೂ ಹೊರಗಿನವಳೇ. 1975ರ ‘ಫಾಕ್ಸ್ ಅಂಡ್ ಹಿಸ್ ಫ್ರೆಂಡ್ಸ್’ನಲ್ಲಿ ಲಾಟರಿ ಹೊಡೆದ ಜಾತ್ರೆಯ ಹುಡುಗನನ್ನು ಶ್ರೀಮಂತ ಗೆಳೆಯರು ಹುರಿದು ಮುಕ್ಕುತ್ತಾರೆ. ಆ ಹುಡುಗನಾಗಿ ಮತ್ತೆ ಫಾಸ್‌ಬಿಂಡರ್. ಗಂಡಸರನ್ನು ಪ್ರೀತಿಸುವ ಗಂಡಸರ ಲೋಕವೂ ವರ್ಗದ ಗೋಡೆಗಳಿಂದ ಹೊರತಲ್ಲ ಎಂದು ಆ ಲೋಕದವನೇ ಆಗಿ ಹೇಳಿದ್ದಕ್ಕೆ ಅವನ ಮೇಲೆ ಸಿಟ್ಟಾದವರು ಬಹಳ ಮಂದಿ.

ಅವನ ಮೇಲೆ ಒಂದು ಆಕ್ಷೇಪವಿದೆ, ಅದನ್ನು ಬದಿಗೆ ಸರಿಸುವಂತಿಲ್ಲ. ಗೆಳತಿಯರು ಆಲಿಯ ಮೈ ನೋಡಿದ್ದನ್ನು ಟೀಕಿಸುವ ಚಿತ್ರವೇ ಸ್ನಾನದ ಮನೆಯ ಕನ್ನಡಿಯಲ್ಲಿ ಅವನ ಬೆತ್ತಲೆ ಮೈಯನ್ನು ನಮಗೆ ತೋರಿಸುತ್ತದಲ್ಲ ಎಂಬುದು. ನನಗೆ ಕಾಣುವಂತೆ ಆ ಎರಡು ದೃಶ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಲೆಂದೇ ಚಿತ್ರ ಅವನ್ನು ಕೊಟ್ಟಿದೆ: ಒಮ್ಮೆ ಎಮಿ ಅವನನ್ನು ಚೆಲುವನೆಂದು ಬೆರಗಾಗಿ ನೋಡುತ್ತಾಳೆ, ಇನ್ನೊಮ್ಮೆ ತನ್ನ ಆಸ್ತಿಯೆಂದು ತೋರಿಸುತ್ತಾಳೆ. ಆದರೂ ಆಕ್ಷೇಪದ ಒಂದು ಪಾಲು ಉಳಿಯುತ್ತದೆ. ಆಲಿ ಹಲವರೊಂದಿಗೆ ಹಂಚಿಕೊಂಡಿದ್ದ ಕೋಣೆ ಮಾತಿನಲ್ಲಿ ಮಾತ್ರ ಬರುತ್ತದೆ. ಕ್ಯಾಮೆರಾ ಜರ್ಮನ್ನರ ಮನೆಗಳ ಒಳಹೊರಗನ್ನೆಲ್ಲ ಬಲ್ಲದು, ಆ ಕೋಣೆಯ ಬಾಗಿಲು ತೆರೆಯುವುದಿಲ್ಲ. ವಲಸೆಯ ಬದುಕನ್ನು ಒಳಗಿನಿಂದ ತೋರಿಸಲು ಮುಂದೆ ವಲಸೆ ಬಂದವರ ಮಕ್ಕಳೂ ಕ್ಯಾಮೆರಾ ಹಿಡಿದರು. ಟರ್ಕಿಯಿಂದ ಬಂದವರ ಮಗ, ಹ್ಯಾಂಬರ್ಗ್‌ನಲ್ಲಿ ಹುಟ್ಟಿದ ಫಾತಿಹ್ ಅಕಿನ್, 2004ರಲ್ಲಿ ‘ಹೆಡ್-ಆನ್’ ಚಿತ್ರಕ್ಕೆ ಬರ್ಲಿನ್ ಉತ್ಸವದ ಗೋಲ್ಡನ್ ಬೇರ್ ಪಡೆದಾಗ ಮೂವತ್ತು ವರ್ಷಗಳು ಕಳೆದಿದ್ದವು.

‘ಆಲಿ’ಯ ಕೊನೆಯಲ್ಲಿ ಇಬ್ಬರೂ ಮತ್ತೆ ಕುಣಿಯುತ್ತಿರುವಾಗ ಆಲಿ ಹೊಟ್ಟೆ ಹಿಡಿದುಕೊಂಡು ಕುಸಿಯುತ್ತಾನೆ. ಹೊಟ್ಟೆಹುಣ್ಣು ಒಡೆದಿದೆ. ವೈದ್ಯ ಮಾಮೂಲಿ ದನಿಯಲ್ಲಿ, ಪರದೇಶದ ಕೂಲಿಗಳಲ್ಲಿ ಇದು ಬಹಳ, ಅವರ ಬದುಕಿನ ಒತ್ತಡ ಅಂಥದ್ದು, ಆಪರೇಷನ್ ಮಾಡಿ ಕಳಿಸಿದರೂ ಆರು ತಿಂಗಳಲ್ಲಿ ಮತ್ತೆ ಬರುತ್ತಾರೆ ಎನ್ನುತ್ತಾನೆ. ಎಮಿ ಹಾಗಾಗಲು ಬಿಡುವುದಿಲ್ಲ ಎನ್ನುತ್ತಾಳೆ. ಅಲ್ಲಿಯವರೆಗೆ ಹೊರಗಿನಿಂದ ಬಿದ್ದ ನೋಟಗಳೆಲ್ಲ ಅವನ ಹೊಟ್ಟೆಯೊಳಗೆ ಹುಣ್ಣಾಗಿದ್ದವು. 1974ರ ಕಾನ್ ಉತ್ಸವದಲ್ಲಿ ಚಿತ್ರಕ್ಕೆ ಅಂತರರಾಷ್ಟ್ರೀಯ ವಿಮರ್ಶಕರ ಪ್ರಶಸ್ತಿ ಬಂತು.

ಆಲಿಯಾದ ನಟ ಆಗ ಫಾಸ್‌ಬಿಂಡರನ ಸಂಗಾತಿ. ಉತ್ತರ ಆಫ್ರಿಕಾದಿಂದ ಬಂದವನು. ಚಿತ್ರದಲ್ಲಿ ಪಾತ್ರದ ನಿಜವಾದ ಹೆಸರೂ ಅವನದೇ ಉದ್ದ ಹೆಸರು. ಅದನ್ನು ಪೂರ್ತಿ ಹೇಳುವ ಕಷ್ಟ ಯಾರಿಗೂ ಬೇಡವಾಗಿ ಎಲ್ಲರೂ ಆಲಿ ಎನ್ನುತ್ತಾರೆ. ಇಬ್ಬರೂ ಬೇರೆಯಾದ ಮೇಲೆ ಸಲೇಮ್ ಫ್ರಾನ್ಸಿನ ಜೈಲಿನಲ್ಲಿ ತೀರಿಕೊಂಡ. ಆ ಸುದ್ದಿ ಫಾಸ್‌ಬಿಂಡರ್‌ಗೆ ತಲುಪಿದ್ದು ವರ್ಷಗಳ ನಂತರ. ಅವನ ಕೊನೆಯ ಚಿತ್ರ ‘ಕ್ವೆರೆಲ್’ 1982ರಲ್ಲಿ ತೆರೆ ಕಾಣುವ ಮೊದಲೇ ಅವನೂ ಇಲ್ಲವಾಗಿದ್ದ. ಆ ಚಿತ್ರವನ್ನು ಎಲ್ ಹೆದಿ ಬೆನ್ ಸಲೇಮ್ ಎಂಬಾರೆಕ್ ಮೊಹಮ್ಮದ್ ಮುಸ್ತಫಾ ಅವರೊಂದಿಗಿನ ಸ್ನೇಹಕ್ಕೆ ಅರ್ಪಿಸಲಾಗಿದೆ. ಹೆಸರಿನ ಒಂದು ತುಣುಕನ್ನೂ ಬಿಟ್ಟಿಲ್ಲ.